ಮೊಲದ ದಿಬ್ಬದ ಲಿಯೊನಿ

ಲಿಯೊನಿ ದಾರ್ತಿಗ್‌ಗೆ ಎಪ್ಪತ್ತು ತುಂಬಿದ ವರ್ಷ, ಅವಳ ಕೈಗಳು ಬಹಳ ಚೆಂದ ಎಂಬುದು ಬ್ರಾಸ್ನಾಕ್ ಎಸ್ಟೇಟಿನವರಿಗೆ ಇದ್ದಕ್ಕಿದ್ದಂತೆ ಗೊತ್ತಾಯಿತು. ನಲವತ್ತಾರು ವರ್ಷ ಅದೇ ಕೈಗಳು ಅವರ ದ್ರಾಕ್ಷಿ ಬಳ್ಳಿ ಕತ್ತರಿಸಿದ್ದವು, ತಂತಿಗೆ ಕಟ್ಟಿದ್ದವು, ಗೊಂಚಲು ಕೊಯ್ದಿದ್ದವು. ಆಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗೆಣ್ಣುಗಳೆಲ್ಲ ಊದಿ, ಬಲಗೈ ಹೆಬ್ಬೆರಳು ಒಂದು ಕಡೆ ವಾಲಿ, ಕಾಫಿ ಬಟ್ಟಲು ಹಿಡಿಯಲು ಎರಡೂ ಕೈ ಬೇಕಾಗುವ ಹೊತ್ತಿಗೆ ಪ್ಯಾರಿಸಿನಿಂದ ಒಬ್ಬ ಫೋಟೋಗ್ರಾಫರ್ ಬಂದ. ಆ ಕೈಗಳಿಗೆ ಒಂದು ಕಪ್ಪು ದ್ರಾಕ್ಷಿ ಗೊಂಚಲು ಹಿಡಿಸಿ ಇನ್ನೂರು ಚಿತ್ರ ತೆಗೆದ. ಅದು ಏಪ್ರಿಲ್ ತಿಂಗಳು. ನಮ್ಮ ಬಳ್ಳಿಗಳಲ್ಲಿ ಆಗಿನ್ನೂ ಬೆರಳುಗುರಿನಷ್ಟು ಚಿಗುರು. ಗೊಂಚಲು ಚಿಲಿ ದೇಶದ್ದು, ಸೂಪರ್ ಮಾರ್ಕೆಟ್ಟಿನಿಂದ ತಂದದ್ದು.

ನಾನು ಜೋಸಿಯಾನ್. ಲಿಯೊನಿಯ ಪಕ್ಕದ ಸಾಲಿನಲ್ಲಿ ಇಪ್ಪತ್ತೆರಡು ವರ್ಷ ಬಗ್ಗಿದವಳು. ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವಳಾದ್ದರಿಂದ ಅವಳು ನಿವೃತ್ತಳಾದ ಮೇಲೂ ನನ್ನ ಬೆನ್ನು ಎಸ್ಟೇಟಿನ ಸೇವೆಯಲ್ಲೇ ಇತ್ತು. ಹಾಗಾಗಿ ಮುಂದೆ ನಡೆದದ್ದನ್ನೆಲ್ಲ ಹತ್ತಿರದಿಂದ ನೋಡಿದೆ.

ಬ್ರಾಸ್ನಾಕ್ ಹೆಸರನ್ನು ನೀವು ಕೇಳಿರಬಹುದು, ಅದರ ವೈನು ಕುಡಿದಿರಲಾರಿರಿ. ಕುಡಿದವರು ನಮ್ಮೂರಿನಲ್ಲೂ ಕಡಿಮೆ. ಅದರ ಚರಿತ್ರೆಯನ್ನು ಎಸ್ಟೇಟಿನವರು ಒಂದು ದಪ್ಪ ಕಾಗದದ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿದ್ದಾರೆ. ಅದರ ಪ್ರಕಾರ ಮುನ್ನೂರು ವರ್ಷದ ಹಿಂದೆ ಮೊದಲ ಯಜಮಾನ ಕುದುರೆ ಮೇಲೆ ಬಂದು, ಜಲ್ಲಿಕಲ್ಲಿನ ದಿಬ್ಬಗಳನ್ನು ನೋಡಿ, ‘ಇಲ್ಲೇ’ ಎಂದನಂತೆ. ಅಷ್ಟಕ್ಕೇ ತೋಟ ಎದ್ದು ನಿಂತಿತು. ಜೌಗು ನೆಲ ಬತ್ತಿಸಲು ಕಾಲುವೆ ತೋಡಿದವರು ಯಾರು ಎಂದು ಕೇಳಿದರೆ ಪುಸ್ತಿಕೆಗೆ ಕಿವಿ ಮಂದ. ಎರಡನೆಯ ಯಜಮಾನ ತನ್ನ ವೈನನ್ನು ರಾಜನ ಊಟದ ಮೇಜಿಗೆ ಕಳಿಸಿದ. ರಾಜ ಕುಡಿದನೋ ಬಿಟ್ಟನೋ, ಮೇಜು ಮಾತ್ರ ಖಾತ್ರಿ. ಕ್ರಾಂತಿಯ ಕಾಲದಲ್ಲಿ ಮನೆಯವರು ‘ಪ್ರವಾಸದಲ್ಲಿದ್ದರು’; ಬೆಳ್ಳಿ ಪಾತ್ರೆಗಳನ್ನೂ ಜೊತೆಗೆ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದರು. 1855ರಲ್ಲಿ ಬೋರ್ಡೋದ ದಲ್ಲಾಳಿಗಳು ಕೂತು ವೈನುಗಳಿಗೆ ದರ್ಜೆ ಹಂಚಿದಾಗ ಬ್ರಾಸ್ನಾಕ್‌ಗೆ ಮೂರನೆಯದು ಸಿಕ್ಕಿತು. ಪುಸ್ತಿಕೆಯಲ್ಲಿ ‘ದರ್ಜೆ’ ಎಂಬ ಪದ ದಪ್ಪಕ್ಷರದಲ್ಲಿದೆ. ‘ಮೂರನೆಯ’ ಎಂಬುದನ್ನು ಓದಲು ಕನ್ನಡಕ ಬೇಕು.

ಆ ಮನೆತನದ ಕೊನೆಯ ಕುಡಿ ಎಸ್ಟೇಟನ್ನು ಪ್ಯಾರಿಸಿನ ಒಂದು ವಿಮಾ ಕಂಪನಿಗೆ ಮಾರಿತು. ಕಂಪನಿ ನಮಗೆ ಒಬ್ಬ ನಿರ್ದೇಶಕನನ್ನು ಕಳಿಸಿತು. ಹೆಸರು ಮೊಸ್ಯೂ ಶಾರ್ದೊನೆ. ಕೆಂಪು ವೈನಿನ ಎಸ್ಟೇಟಿಗೆ ಬಿಳಿ ದ್ರಾಕ್ಷಿಯ ಹೆಸರಿನವನು ಬಂದನೆಂದು ನಾವು ಒಂದು ವಾರ ನಕ್ಕೆವು. ಮನುಷ್ಯ ಕೆಟ್ಟವನಲ್ಲ. ಮಳೆ ಬಂದರೆ ತೋಟಕ್ಕೆ ಇಳಿಯುತ್ತಿರಲಿಲ್ಲ, ಬಿಸಿಲು ಬಂದರೂ ಇಳಿಯುತ್ತಿರಲಿಲ್ಲ, ಅಷ್ಟೆ.

ಎಸ್ಟೇಟಿನ ಅತಿ ದುಬಾರಿ ವೈನು ಒಂದೇ ತುಂಡು ನೆಲದಿಂದ ಬರುತ್ತದೆ. ಅದಕ್ಕೆ ಮೊಲದ ದಿಬ್ಬ ಎಂದು ಹೆಸರು. 1956ರ ಫೆಬ್ರವರಿಯಲ್ಲಿ ಇಡೀ ಸೀಮೆಯ ಬಳ್ಳಿಗಳು ಚಳಿಗೆ ಸತ್ತಾಗ ಅಲ್ಲಿಯವು ಬದುಕಿದವು. 2016ಕ್ಕೆ ಅದಾಗಿ ಅರವತ್ತು ವರ್ಷ. ಜೂನ್‌ನಲ್ಲಿ ಸಮಾರಂಭ ಮಾಡುವುದು, ಅದರಲ್ಲಿ ಬಳ್ಳಿಯಷ್ಟೇ ಹಳೆಯ ಹೆಂಗಸೊಬ್ಬಳಿಂದ ಚರಿತ್ರೆ ಹೇಳಿಸುವುದು ಎಂದು ತೀರ್ಮಾನವಾಯಿತು. ಶಾರ್ದೊನೆ ಖುದ್ದಾಗಿ ಲಿಯೊನಿಯ ಮನೆಗೆ ಬಂದ. ನಾನು ಅಲ್ಲೇ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದೆ.

“ಮದಾಮ್ ದಾರ್ತಿಗ್, ನೀವು ನಮ್ಮ ಎಸ್ಟೇಟಿನ ಆತ್ಮ,” ಎಂದ.

“ಹೌದಾ ಮೊಸ್ಯೂ? ಪಿಂಚಣಿ ಕಾಗದದಲ್ಲಿ ‘ತೋಟದ ಆಳು, ಎರಡನೇ ದರ್ಜೆ’ ಅಂತ ಇತ್ತಲ್ಲ. ಆತ್ಮಕ್ಕೆ ಯಾವಾಗ ಬಡ್ತಿ ಆಯ್ತು?”

ಅವನು ನಕ್ಕ. ಬಡವರು ಹೇಳಿದ್ದಕ್ಕೆ ನಗಬೇಕು ಎಂದು ಯಾರೋ ಕಲಿಸಿಕೊಟ್ಟ ಹಾಗೆ ನಕ್ಕ. ಲಿಯೊನಿ ಒಪ್ಪಿಕೊಂಡಳು. ಯಾಕೆ ಒಪ್ಪಿದೆ ಎಂದು ಆಮೇಲೆ ಕೇಳಿದೆ.

“ಮನೇಲಿ ಕೂತು ಕೂತು ಸಾಕಾಗಿದೆ ಕಣೇ. ಗಂಡ ಹೋಗಿ ಆರು ವರ್ಷ ಆಯ್ತು. ಬೆಕ್ಕೂ ನನ್ನ ಮಾತು ಕೇಳೋದು ಬಿಟ್ಟಿದೆ. ಅವರಾದ್ರೂ ಕೇಳಲಿ.”

ಭಾಷಣ ಬರೆಯಲು ಅಪೊಲಿನ್ ಎಂಬ ಹುಡುಗಿ ಪ್ಯಾರಿಸಿನಿಂದ ಬಂದಿದ್ದಳು. ಬಿಳಿ ಬೂಟು ಹಾಕಿಕೊಂಡು ತೋಟಕ್ಕೆ ಬಂದದ್ದನ್ನು ಬಿಟ್ಟರೆ ಚೂಟಿ ಹುಡುಗಿಯೇ. ಲಿಯೊನಿ ನನ್ನನ್ನೂ ಜೊತೆಗೆ ಕಚೇರಿಗೆ ಕರೆದುಕೊಂಡು ಹೋದಳು. ಅಪೊಲಿನ್ ಕಾಗದ ಕೈಗಿತ್ತು, “ನಿಧಾನವಾಗಿ ಓದಿ ಮದಾಮ್,” ಎಂದಳು.

ಲಿಯೊನಿ ಓದಿದಳು: “‘ಆ ಘೋರ ಚಳಿಯಲ್ಲಿ ಬ್ರಾಸ್ನಾಕ್‌ನ ಯಜಮಾನರು ಪ್ರತಿದಿನ ಮುಂಜಾನೆ ಬರಿಗಾಲಲ್ಲಿ ಮೊಲದ ದಿಬ್ಬಕ್ಕೆ ಹೋಗಿ, ಬಳ್ಳಿಗಳ ಮುಂದೆ ಮಂಡಿಯೂರಿ...’” ಅಲ್ಲಿಗೆ ನಿಲ್ಲಿಸಿದಳು. “ಬರಿಗಾಲಲ್ಲಾ? ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿತ್ತಲ್ಲಮ್ಮ. ಬೆರಳೆಲ್ಲ ಉದುರಿ ಹೋಗ್ತಿತ್ತು.”

“ಅದು ಒಂದು ಭಾವನೆ, ಮದಾಮ್.”

“ಸರಿ, ಭಾವನೆ. ಆದ್ರೆ ಮನುಷ್ಯ ಬಿಯಾರಿಟ್ಜ್‌ನಲ್ಲಿದ್ದ. ಸಮುದ್ರದ ಗಾಳಿ ಅವನ ಎದೆಗೆ ಒಳ್ಳೇದು ಅಂತ. ಫೆಬ್ರವರಿಯಿಂದ ಜೂನ್ ತನಕ ಇತ್ತ ಮುಖ ಹಾಕಿಲ್ಲ. ಅಲ್ಲಿಂದ ಇಲ್ಲಿಗೆ ಮಂಡಿಯೂರಕ್ಕೆ ಆಗತ್ತಾ?”

ಅಪೊಲಿನ್ ಪೆನ್ನು ಕಚ್ಚಿಕೊಂಡು ಕೂತಳು. “ಎಸ್ಟೇಟಿನ ದಾಖಲೆಗಳಲ್ಲಿ ಹೀಗೇ ಇದೆ.”

“ದಾಖಲೆ ಬರೆಸಿದವರು ಯಾರು?”

ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಲಿಯೊನಿ ಎದ್ದಳು. ಮನೆ ಬಾಗಿಲಲ್ಲಿ ಬೀಗದ ಕೈ ಹುಡುಕುತ್ತ, “ಮಂಡಿಯೂರಿದ್ದು ಹೌದು. ಆದ್ರೆ ಮಂಡಿ ಬೇರೆಯವರದ್ದು,” ಎಂದಳು.

ಜೂನ್ ಬಂತು. ಬಂಗಲೆಯ ಮುಂದೆ ಬಿಳಿ ಡೇರೆ ಎದ್ದಿತು. ಎಂಬತ್ತು ಜನ ಅತಿಥಿಗಳು: ಪತ್ರಿಕೆಯವರು, ಹಾಂಗ್‌ಕಾಂಗಿನ ವ್ಯಾಪಾರಿಗಳು, ವೈನನ್ನು ಬಾಯಲ್ಲಿ ಮುಕ್ಕಳಿಸಿ ಉಗಿದು ಅಂಕ ಕೊಡುವ ಇಬ್ಬರು ಮಹಾಶಯರು. ಅವರಲ್ಲೊಬ್ಬ ಲೋಟಕ್ಕೆ ಮೂಗು ತೂರಿಸಿ, ಹಳೆಯ ಕುದುರೆ ಜೀನು, ದೇವದಾರು ಪೆಟ್ಟಿಗೆ, ಮಳೆಯಲ್ಲಿ ನೆನೆದ ನರಿಯ ವಾಸನೆ ಬರುತ್ತಿದೆ ಎಂದ. ಪಕ್ಕದಲ್ಲಿದ್ದವರು ಬರೆದುಕೊಂಡರು. ಹಾಂಗ್‌ಕಾಂಗಿನ ಒಬ್ಬ ಹಿರಿಯರು ಮಾತ್ರ ಸುಮ್ಮನೆ ಕುಡಿದು ಇನ್ನೊಂದಿಷ್ಟು ಹಾಕಿಸಿಕೊಂಡರು. ನಮಗೆ, ಆಳುಗಳಿಗೆ, ಹಿಂದುಗಡೆ ನಿಲ್ಲಲು ಹೇಳಿದ್ದರು. ಎಲ್ಲರಿಗೂ ಒಗೆದು ಇಸ್ತ್ರಿ ಮಾಡಿದ ನೀಲಿ ಅಂಗಿ. ಕೆಲಸ ಮಾಡಿದವರಂತೆ ಕಾಣಬೇಕು, ಕೆಲಸ ಮಾಡಿ ಬಂದವರಂತೆ ಕಾಣಬಾರದು.

ಲಿಯೊನಿ ವೇದಿಕೆ ಹತ್ತಿದಳು. ಮದುವೆಗಳಿಗೆ ಉಡುವ ಬೂದು ಬಣ್ಣದ ಉಡುಪು. ಕಾಗದ ಬಿಚ್ಚಿ ಮೊದಲ ಸಾಲು ಓದಿದಳು. ಎರಡನೆಯ ಸಾಲಿಗೆ ಬಂದು ಕನ್ನಡಕ ತೆಗೆದಳು.

“ಇಲ್ಲಿ ಬರೆದಿರೋದು ಚೆನ್ನಾಗಿದೆ. ಮನೆಗೆ ಹೋಗಿ ಓದ್ಕೊಳ್ಳಿ, ಪುಸ್ತಿಕೇಲೂ ಇದೆ. ನಾನು ನೋಡಿದ್ದನ್ನ ಹೇಳ್ತೀನಿ. ಆಗ ನಂಗೆ ಹತ್ತು ವರ್ಷ.

“ಆ ಜನವರಿ ಬೆಚ್ಚಗಿತ್ತು. ಬಳ್ಳಿ ಪಾಪ ವಸಂತ ಬಂತು ಅಂದ್ಕೊಂಡು ರಸ ಏರಿಸಿಬಿಟ್ಟಿತ್ತು. ಫೆಬ್ರವರೀಲಿ ಚಳಿ ಬಿತ್ತು ನೋಡಿ, ಕಾಂಡ ಸೀಳೋ ಶಬ್ದ ನಮ್ಮ ಅಡುಗೆಮನೆಗೆ ಕೇಳ್ತಿತ್ತು. ಬಿಯಾರಿಟ್ಜ್‌ನಿಂದ ಯಜಮಾನರು ತಂತಿ ಕಳಿಸಿದ್ರು, ಎಲ್ಲಾ ಕಿತ್ತು ಹಾಕಿ ಅಂತ. ಪಾರುಪತ್ತೆಗಾರ ಬಂದು ನಮ್ಮಪ್ಪನಿಗೆ ಹೇಳಿದ, ‘ಅಬೆಲ್, ಮೊಲದ ದಿಬ್ಬದಿಂದ ಶುರು ಮಾಡು’ ಅಂತ. ಅಪ್ಪ ‘ಆಗ್ಲಿ ಮೊಸ್ಯೂ’ ಅಂದ.

“ಅಷ್ಟೇ. ಆಗ್ಲಿ ಅಂದ, ಕೀಳಲಿಲ್ಲ. ಮೊದಲನೇ ವಾರ, ಬುಡ ಎಳೆಯೋ ಕುದುರೆ ಕುಂಟ್ತಿದೆ ಅಂದ. ಎರಡನೇ ವಾರ ಸರಪಳಿ ತುಂಡಾಯ್ತು. ಸರಪಳಿ ಕಮ್ಮಾರನ ಹತ್ರ ಹೋಯ್ತು, ಕಮ್ಮಾರನಿಗೆ ಮಂಗನಬಾವು ಬಂತು. ಆಮೇಲೆ ನಮ್ಮಮ್ಮನ ಚಿಕ್ಕಮ್ಮ ಸತ್ತಳು. ಈಸ್ಟರ್ ಆದ ಮೇಲೆ ಅದೇ ಚಿಕ್ಕಮ್ಮ ಇನ್ನೊಂದು ಸಲ ಸತ್ತಳು. ಪಾರುಪತ್ತೆಗಾರನಿಗೆ ಗೊತ್ತಾಯ್ತೋ ಇಲ್ವೋ, ಅವನೂ ಸುಮ್ನಿದ್ದ. ಭಾನುವಾರ ಊರವರೆಲ್ಲ ಚರ್ಚಿಗೆ ಹೋದಾಗ ಅಪ್ಪ ದಿಬ್ಬಕ್ಕೆ ಹೋಗ್ತಿದ್ದ. ಸತ್ತ ಭಾಗ ಕತ್ತರಿಸಿ, ಬುಡಕ್ಕೆ ಮಣ್ಣು ಏರಿಸಿ, ಮಂಡಿಯೂರಿ ತೊಗಟೆಗೆ ಕಿವಿ ಕೊಡ್ತಿದ್ದ. ಏನು ಕೇಳಿಸ್ತಿತ್ತೋ ನಂಗೊತ್ತಿಲ್ಲ. ನಾನೂ ಕಿವಿ ಕೊಟ್ಟಿದ್ದೆ, ನಂಗೆ ಇರುವೆ ಕಚ್ಚಿತು ಅಷ್ಟೆ.

“ಮೇ ತಿಂಗಳ ಮಧ್ಯದಲ್ಲಿ ಬುಡದಿಂದ ಕೆಂಪು ಚಿಗುರು ಬಂತು. ಜೂನ್‌ನಲ್ಲಿ ಯಜಮಾನರು ಬಂದ್ರು, ನಾಯಿ ಜೊತೆ. ನೋಡಿದ್ರು. ‘ನಾನು ಹೇಳಿರ್ಲಿಲ್ವಾ?’ ಅಂದ್ರು. ಅಪ್ಪನಿಗೆ ಒಂದು ಬಾಟಲಿ ಬಹುಮಾನ ಕೊಟ್ರು. 1951ನೇ ಇಸವಿದು.”

ಇಷ್ಟಕ್ಕೆ ಡೇರೆಯಲ್ಲಿ ನಗು ಭುಗಿಲೆಂದಿತು. 1951 ಎಂದರೆ ಬೋರ್ಡೋದಲ್ಲಿ ಬೇಸಿಗೆಯೇ ಬರಲು ಮರೆತ ವರ್ಷ. ಆ ವರ್ಷದ ವೈನನ್ನು ಶತ್ರುವಿಗೂ ಯೋಚಿಸಿ ಕೊಡುತ್ತಾರೆ. ಅಂಕ ಕೊಡುವ ಮಹಾಶಯನಂತೂ ಕಣ್ಣೊರೆಸಿಕೊಂಡ.

“ಅಮ್ಮ ಅದನ್ನ ವಿನೆಗರ್ ಮಾಡಿದ್ಲು,” ಎಂದಳು ಲಿಯೊನಿ. “ವಿನೆಗರ್ ಚೆನ್ನಾಗಿತ್ತು.”

ಶಾರ್ದೊನೆಯ ಮುಖ ತನ್ನ ಹೆಸರಿಗೆ ತಕ್ಕಂತೆ ಬಿಳಿಚಿಕೊಂಡಿತ್ತು. ಆದರೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅಪೊಲಿನ್ ಅವನ ಕಿವಿಯಲ್ಲಿ ಏನೋ ಹೇಳಿದಳು. ಮುಖಕ್ಕೆ ನಿಧಾನವಾಗಿ ಬಣ್ಣ ಬಂತು. ಅವನೂ ಚಪ್ಪಾಳೆ ತಟ್ಟಿದ, ಎಲ್ಲರಿಗಿಂತ ಜೋರಾಗಿ.

ಆ ಸಂಜೆ ಲಿಯೊನಿ ನನ್ನ ತೋಳು ಹಿಡಿದುಕೊಂಡು ಮನೆಗೆ ನಡೆದಳು. ಅರವತ್ತು ವರ್ಷದ ಹೊರೆ ಇಳಿಸಿದವಳ ನಡಿಗೆ. “ಹೇಳಿಬಿಟ್ಟೆ ಜೋಸಿಯಾನ್. ಇನ್ನು ಬರಿಗಾಲು ಗಿರಿಗಾಲು ಅಂತ ಬರೆಯೋ ಹಾಗಿಲ್ಲ,” ಎಂದಳು. ನಾನೂ ಹಾಗೇ ನಂಬಿದೆ. ವಿಮಾ ಕಂಪನಿಯನ್ನು ನಾವಿಬ್ಬರೂ ಸರಿಯಾಗಿ ಅರ್ಥ ಮಾಡಿಕೊಂಡಿರಲಿಲ್ಲ.

ಮುಂದಿನ ವರ್ಷ ಮೊಲದ ದಿಬ್ಬದ ವೈನಿಗೆ ಹೊಸ ಹೆಸರು ಬಂತು: ‘ಮಾತು ಕೇಳದ ಅಬೆಲ್’. ಬೆಲೆ ಮೂರನೇ ಒಂದು ಭಾಗ ಏರಿತು. ಯಜಮಾನ ಮಂಡಿಯೂರಿದ್ದಕ್ಕಿಂತ ಆಳು ಎದುರು ನಿಂತದ್ದಕ್ಕೆ ಪೇಟೆಯಲ್ಲಿ ಹೆಚ್ಚು ಬೆಲೆ ಎಂದು ಲೆಕ್ಕ ಸಿಕ್ಕಿತ್ತು. ಪುಸ್ತಿಕೆ ಹೊಸದಾಗಿ ಅಚ್ಚಾಯಿತು. ಕುಂಟುವ ಕುದುರೆ, ಎರಡು ಸಲ ಸತ್ತ ಚಿಕ್ಕಮ್ಮ, ಎಲ್ಲ ಅದರಲ್ಲಿ ಸೇರಿದರು. ‘ಆಜ್ಞೆಗಿಂತ ಮಣ್ಣಿನ ಮಾತು ಕೇಳುವುದು ಬ್ರಾಸ್ನಾಕ್‌ನ ಮುನ್ನೂರು ವರ್ಷದ ಪರಂಪರೆ’ ಎಂದು ಕೊನೆಯ ಪುಟದಲ್ಲಿತ್ತು.

ಬಾಟಲಿಯ ಚೀಟಿಗೆ ಅಬೆಲನ ಚಿತ್ರ ಬೇಕೆಂದು ಅಪೊಲಿನ್ ಕೇಳಿದ್ದಳು. ಲಿಯೊನಿಯ ಹತ್ತಿರ ಇದ್ದದ್ದು ಒಂದೇ. ಅಪ್ಪ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತದ್ದು. ಕೊಟ್ಟಳು. ಚೀಟಿ ಅಚ್ಚಾಗಿ ಬಂದಾಗ ಅದರಲ್ಲಿದ್ದವನಿಗೆ ಅಗಲ ಭುಜ, ದಟ್ಟ ಮೀಸೆ, ಪೂರಾ ತೆರೆದ ಕಣ್ಣು.

“ಇದ್ಯಾರಮ್ಮ?”

“ನಿಮ್ಮ ತಂದೆ, ಮದಾಮ್. ಕಲಾವಿದರು ಸ್ವಲ್ಪ... ಅಂದ್ರೆ, ಆ ಕಾಲದವರು ಅಂತ ಗೊತ್ತಾಗಬೇಕಲ್ಲ.”

“ನಮ್ಮಪ್ಪನಿಗೆ ಮೀಸೆ ಇರ್ಲಿಲ್ಲ. ಅಮ್ಮನಿಗೆ ಸೇರ್ತಿರ್ಲಿಲ್ಲ.”

ಮೀಸೆ ಉಳಿಯಿತು. ಹಾಂಗ್‌ಕಾಂಗಿನವರಿಗೆ ಮೀಸೆ ಬಹಳ ಹಿಡಿಸಿತ್ತಂತೆ. ಸಮಾರಂಭವಾದ ಮೇಲೆ ವಾರಕ್ಕೆ ಮೂರು ದಿನ ಅತಿಥಿಗಳಿಗೆ ಅದೇ ಕತೆ ಹೇಳುವ ಕೆಲಸವನ್ನು ಎಸ್ಟೇಟು ಲಿಯೊನಿಗೆ ಕೊಟ್ಟಿತ್ತು, ಅವಳು ಅದನ್ನು ಮುಂದುವರಿಸಿದಳು. ಆದರೆ ಹೇಳಿ ಹೇಳಿ ಆ ಕತೆ ತನ್ನ ಬಾಯಲ್ಲೇ ಸವೆಯುತ್ತಿದೆ ಎಂದು ಅವಳಿಗೆ ಅನಿಸತೊಡಗಿತ್ತು. “ಚಿಕ್ಕಮ್ಮ ಸಾಯೋ ಜಾಗಕ್ಕೆ ಬಂದಾಗ ನಗಕ್ಕೆ ಮುಂಚೇನೇ ರೆಡಿ ಆಗಿರ್ತಾರೆ ಕಣೇ. ಅಪ್ಪನ ಮುಖ ನೆನಪು ಮಾಡ್ಕೊಳ್ಳೋಣ ಅಂದ್ರೆ ಈಗ ಮೀಸೆನೇ ಬರತ್ತೆ,” ಎಂದು ಒಂದು ದಿನ ಹೇಳಿದಳು.

ಹೀಗೇ 2019ರ ಬೇಸಿಗೆ ಬಂತು. ನಮ್ಮ ಗುಂಪಿನಲ್ಲಿ ಇಲ್ದಾ ಎಂಬ ಪೋರ್ಚುಗಲ್ ಹೆಂಗಸಿದ್ದಳು. ನಲವತ್ತರ ಆಸುಪಾಸು, ಮಾತು ಕಡಿಮೆ, ಕತ್ತರಿ ಹಿಡಿದರೆ ಅವಳ ಸಮಕ್ಕೆ ಯಾರೂ ಇಲ್ಲ, ಕಲಿಸಿದವಳು ಲಿಯೊನಿಯೇ. ಜುಲೈ ಕೊನೆಯಲ್ಲಿ, ಕಾಯಿಗೆ ಗಾಳಿ ಬೆಳಕು ತಾಗಲೆಂದು, ಗೊಂಚಲುಗಳ ಸುತ್ತಲಿನ ಎಲೆ ಕೀಳಲು ಆಜ್ಞೆಯಾಯಿತು. ಪಡುವಣದ ಕಡೆಯದ್ದೂ ಕೀಳಬೇಕು ಎಂದು ಕಚೇರಿಯ ಕಂಪ್ಯೂಟರ್ ಹೇಳಿತ್ತು. ರೇಡಿಯೋ ನೋಡಿದರೆ ನಲವತ್ತು ಡಿಗ್ರಿ ಬಿಸಿಲು ಬರುತ್ತದೆ ಎನ್ನುತ್ತಿತ್ತು. ಮಧ್ಯಾಹ್ನದ ಬಿಸಿಲು ಪಡುವಣದಿಂದ ಹೊಡೆಯುತ್ತದೆ. ಎಲೆಯ ನೆರಳಿಲ್ಲದಿದ್ದರೆ ಕಾಯಿ ಸುಟ್ಟು ಸುಕ್ಕಾಗುತ್ತದೆ. ಇದು ನಮ್ಮೂರಿನ ನಾಯಿಗೂ ಗೊತ್ತು.

ಇಲ್ದಾ ಮೇಲ್ವಿಚಾರಕನಿಗೆ, “ಈ ಕಡೇದು ನಾನು ಕೀಳಲ್ಲ ಮೊಸ್ಯೂ. ಸುಟ್ಟೋಗತ್ತೆ,” ಎಂದಳು.

“ನಿನ್ನನ್ನ ಕೇಳಿದ್ದು ಯಾರು? ಹೇಳಿದಷ್ಟು ಮಾಡು.”

ಅವಳು ತನ್ನ ಹದಿನಾಲ್ಕು ಸಾಲುಗಳಲ್ಲಿ ಪಡುವಣದ ಎಲೆ ಮುಟ್ಟಲಿಲ್ಲ. ಉಳಿದವರು ಕಿತ್ತೆವು. ನಾನೂ ಕಿತ್ತೆ, ನಿವೃತ್ತಿಗೆ ವರ್ಷವಿರುವವಳು ಹೆಚ್ಚು ಮಾತಾಡುವುದಿಲ್ಲ. ಮೂರೇ ದಿನಕ್ಕೆ ನಮ್ಮ ಸಾಲುಗಳ ಕಾಯಿ ಒಣದ್ರಾಕ್ಷಿಯಾಯಿತು. ಅವಳವು ಹಸಿರಾಗಿ, ಗುಂಡಗೆ, ಏನೂ ಆಗದಂತಿದ್ದವು. ಆ ಶುಕ್ರವಾರ ಇಲ್ದಾಗೆ ಕಚೇರಿಯಿಂದ ರಿಜಿಸ್ಟರ್ಡ್ ಕಾಗದ ಬಂತು: ಮೇಲಿನವರ ಆಜ್ಞೆ ಪಾಲಿಸದ ತಪ್ಪಿಗೆ ಎಚ್ಚರಿಕೆ, ಇನ್ನೊಮ್ಮೆ ಹೀಗಾದರೆ ಕೆಲಸದಿಂದ ವಜಾ. ಕಾಗದದ ನೆತ್ತಿಯ ಮೇಲೆ ಎಸ್ಟೇಟಿನ ಹೊಸ ಮುದ್ರೆ ಇತ್ತು, ಮೀಸೆಯ ಅಬೆಲನ ಸಮೇತ.

ಅವಳು ಆ ಕಾಗದ ಹಿಡಿದುಕೊಂಡು ಲಿಯೊನಿಯ ಮನೆಗೆ ಬಂದು ಅತ್ತಳು. ಲಿಯೊನಿ ಎರಡು ಸಲ ಓದಿದಳು. “ನಾಳೆವರೆಗೆ ನನ್ನ ಹತ್ರ ಇರ್ಲಿ,” ಎಂದಷ್ಟೇ ಹೇಳಿದಳು.

ಶನಿವಾರ ಬೆಳಗ್ಗೆ ಇಪ್ಪತ್ತು ಜನ ಅತಿಥಿಗಳು ಬಂದಿದ್ದರು, ಬೆಲ್ಜಿಯಮ್ಮಿನವರು. ಲಿಯೊನಿ ಎಂದಿನಂತೆ ಕತೆ ಹೇಳಿದಳು. ಚಿಕ್ಕಮ್ಮ ಸತ್ತಳು, ಅವರು ನಕ್ಕರು. ಕೊನೆಯಲ್ಲಿ, “ಬನ್ನಿ, ಇನ್ನೊಂದು ತೋರಿಸ್ತೀನಿ. ಇದು ಪುಸ್ತಿಕೇಲಿಲ್ಲ,” ಎಂದು ಎಲ್ಲರನ್ನೂ ಸಾಲುಗಳ ನಡುವೆ ನಡೆಸಿಕೊಂಡು ಹೋದಳು. ನಾನು ಅಲ್ಲಿ ತಂತಿ ಬಿಗಿಯುತ್ತಿದ್ದೆ.

“ಈ ಕಡೆ ನೋಡಿ, ಇದು ಹೇಳಿದ ಮಾತು ಕೇಳಿದ ದ್ರಾಕ್ಷಿ.” ಸುಟ್ಟ ಗೊಂಚಲೊಂದನ್ನು ಹಿಂಡಿದಳು, ಪುಡಿ ಉದುರಿತು. “ಈ ಕಡೇದು ಕೇಳದ್ದು. ತಿಂದು ನೋಡ್ಬೇಡಿ, ಹುಳಿ. ಈ ಸಾಲು ಉಳಿಸಿದವಳ ಹೆಸರು ಇಲ್ದಾ. ನಮ್ಮಪ್ಪನಿಗೆ ಒಂದು ಬಾಟಲಿ ಆದ್ರೂ ಸಿಕ್ತು. ಇವಳಿಗೆ ಇದು ಸಿಕ್ಕಿದೆ.” ಕಾಗದವನ್ನು ಜೋರಾಗಿ ಓದಿದಳು, ಮುದ್ರೆಯನ್ನೂ ತೋರಿಸಿದಳು.

ಈ ಸಲ ಯಾರೂ ನಗಲಿಲ್ಲ. ಒಬ್ಬಾಕೆ ಫೋನು ತೆಗೆದು ಕಾಗದದ ಚಿತ್ರ ತೆಗೆದುಕೊಂಡಳು. ಊಟದ ಹೊತ್ತಿಗೆ ಶಾರ್ದೊನೆ ತೋಟಕ್ಕೆ ಇಳಿದ, ಅದೂ ಬಿಸಿಲಲ್ಲಿ! ಆ ದೃಶ್ಯ ನೋಡಲು ನಾವು ಕೆಲಸ ನಿಲ್ಲಿಸಿದೆವು.

“ಇದೇನು ಮಾಡಿದ್ರಿ ಮದಾಮ್? ಇದು ಒಳಗಿನ ವಿಷಯ.”

“ಅಪ್ಪನದ್ದೂ ಒಳಗಿನ ವಿಷಯವೇ ಆಗಿತ್ತು ಮೊಸ್ಯೂ. ನೀವೇ ಹೊರಗೆ ತಂದು ಬಾಟಲಿಗೆ ಅಂಟಿಸಿದ್ದು.”

“ಅದು ಬೇರೆ, ಇದು ಬೇರೆ. ಅದು ಚರಿತ್ರೆ.”

“ಹಂಗಾದ್ರೆ ಇಲ್ದಾ ಎಷ್ಟು ವರ್ಷ ಕಾಯ್ಬೇಕು ಹೇಳಿ. ಅರವತ್ತಾ?”

ಅವನು ಸುಟ್ಟ ಸಾಲನ್ನೂ ನೋಡಿದ, ಹಸಿರು ಸಾಲನ್ನೂ ನೋಡಿದ. ನಿಜ ಹೇಳಬೇಕೆಂದರೆ ಅವನ ಮುಖದಲ್ಲಿ ಒಂದು ಕ್ಷಣ ನಾಚಿಕೆ ಸುಳಿಯಿತು, ನಾನು ಕಂಡೆ. ಮಂಗಳವಾರ ಇಲ್ದಾಳ ಎಚ್ಚರಿಕೆಯನ್ನು ‘ಕಚೇರಿಯ ಕಣ್ತಪ್ಪು’ ಎಂದು ವಾಪಸು ಪಡೆದರು. ಬುಧವಾರ ಲಿಯೊನಿಗೆ ಒಂದು ಹೂಗುಚ್ಛ ಬಂತು, ಅದರ ಜೊತೆ ಒಂದು ಚೀಟಿ: ಅವರ ಆರೋಗ್ಯದ ಕಾಳಜಿಯಿಂದ ಎಸ್ಟೇಟು ಇನ್ನು ಮುಂದೆ ಅವರಿಗೆ ತೊಂದರೆ ಕೊಡುವುದಿಲ್ಲ. ನಲವತ್ತಾರು ವರ್ಷ ದುಡಿಸಿಕೊಂಡವರಿಗೆ ಆ ಕಾಳಜಿ ಬಂದದ್ದು ಅದೊಂದೇ ಸಲ.

ಈಗ ಅತಿಥಿಗಳಿಗೆ ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಡುತ್ತಾರೆ, ಎಂಟು ಭಾಷೆಗಳಲ್ಲಿ. ಅಬೆಲನ ಮಗಳ ದನಿಗೆ ಬೋರ್ಡೋದಿಂದ ನಟಿಯೊಬ್ಬಳನ್ನು ಕರೆಸಿದ್ದಾರೆ. ಅವಳ ಹಳ್ಳಿ ಮಾತು ನಮ್ಮ ಹಳ್ಳಿ ಮಾತಿಗಿಂತ ಹೆಚ್ಚು ಹಳ್ಳಿಯದು. ಚಿಕ್ಕಮ್ಮ ಸಾಯುವಲ್ಲಿ ಹಿನ್ನೆಲೆಗೆ ಅಕಾರ್ಡಿಯನ್ ಬಾರಿಸುತ್ತಾರೆ.

ಲಿಯೊನಿ ಒಂದು ವಾರ ಮನೆಯಿಂದ ಹೊರಗೆ ಬರಲಿಲ್ಲ. ಕೋಪವೋ ದುಃಖವೋ ಎಂದು ಕೇಳಲು ಹೋದರೆ ಬಾಗಿಲು ತೆಗೆದು, “ನಿದ್ದೆ ಕಣೇ. ಮೂರು ವರ್ಷದಿಂದ ಮಾತಾಡಿ ಮಾತಾಡಿ ಸುಸ್ತಾಗಿತ್ತು,” ಎಂದಳು. ಒಳಗೆ ಕರೆದು ಆಲ್ಬಂ ತೆಗೆದು ತೋರಿಸಿದಳು. ಕಣ್ಣು ಕಿರಿದು ಮಾಡಿದ ಅಬೆಲ್ ತನ್ನ ಜಾಗಕ್ಕೆ ಮರಳಿದ್ದ. ಅಪೊಲಿನ್ ಫೋಟೋವನ್ನು ಅಂಚೆಯಲ್ಲಿ ಕಳಿಸಿದ್ದಳು, ‘ಮೀಸೆಗೆ ಕ್ಷಮೆಯಿರಲಿ’ ಎಂದು ಬರೆದು. ಆ ಹುಡುಗಿಯೂ ಅಷ್ಟರಲ್ಲಿ ಕೆಲಸ ಬಿಟ್ಟಿದ್ದಳಂತೆ.

ಇಲ್ದಾಳನ್ನು ಮುಂದಿನ ಚುನಾವಣೆಯಲ್ಲಿ ನಾವೆಲ್ಲ ಸೇರಿ ಕಾರ್ಮಿಕರ ಪ್ರತಿನಿಧಿ ಮಾಡಿದೆವು. ಮಾತು ಕಡಿಮೆಯವಳು ಸಭೆಯಲ್ಲಿ ಏನು ಮಾಡುತ್ತಾಳೋ ಎಂದು ನನಗೆ ಹೆದರಿಕೆಯಿತ್ತು. ಅವಳು ‘ಇಲ್ಲ’ ಎಂಬ ಒಂದೇ ಪದವನ್ನು ಸಲೀಸಾಗಿ ಹೇಳುತ್ತಾಳೆ, ಅದೇ ಸಾಕಾಗುತ್ತಿದೆ. ಈಗ ಬಿಸಿಲು ಏರಿದ ದಿನ ಪಡುವಣದ ಎಲೆ ಕೀಳುವುದಿಲ್ಲ. ಕಂಪ್ಯೂಟರ್ ತಾನೇ ಹಾಗೆ ಯೋಚಿಸಿತೆಂದು ಕಚೇರಿಯವರು ಹೇಳುತ್ತಾರೆ.

ಭಾನುವಾರಗಳಲ್ಲಿ ನಾವು ಮೂವರೂ ನನ್ನ ಗಂಡನ ಮೀನುಗಾರಿಕೆ ಗುಡಿಸಲಿಗೆ ಹೋಗುತ್ತೇವೆ. ಜಿರೋಂದ್ ನದಿಯ ಕೆಸರು ನೀರಿನ ಮೇಲೆ ಕಂಬಗಳ ಮೇಲೆ ನಿಂತ ಹಲಗೆ ಮನೆ ಅದು. ಚೌಕದ ದೊಡ್ಡ ಬಲೆಯನ್ನು ರಾಟೆಯಿಂದ ಇಳಿಸಿ ಕಾಯಬೇಕು. ಲಿಯೊನಿಯ ಕೈ ಈಗ ರಾಟೆ ತಿರುಗಿಸುವುದಿಲ್ಲ. ಅವಳು ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡುತ್ತಾಳೆ. ಕಳೆದ ವಾರ ಬಿಳಿ ಸೀಗಡಿ ಒಂದು ಬೊಗಸೆಯಷ್ಟು ಬಂದವು. ಸೋಂಪು ಹಾಕಿ ಬೇಯಿಸಬೇಕು ಎಂದು ಲಿಯೊನಿ; ಬೆಳ್ಳುಳ್ಳಿ ಹಾಕಿ ಹುರಿಯಬೇಕು ಎಂದು ಇಲ್ದಾ.

“ನಮ್ಮ ಕಡೆ ಹಂಗೆಲ್ಲಾ ಮಾಡಲ್ಲ. ಸೋಂಪು ಹಾಕು,” ಎಂದಳು ಲಿಯೊನಿ.

“ಆಗ್ಲಿ ಮದಾಮ್,” ಎಂದು ಇಲ್ದಾ ಬೆಳ್ಳುಳ್ಳಿ ಜಜ್ಜಿದಳು.

ಲಿಯೊನಿ ಮೂಗು ಮುರಿದಳು. ಆಮೇಲೆ ಬ್ರೆಡ್ಡಿನ ತುಂಡಿನಿಂದ ಬಾಣಲೆಯ ತಳ ಒರೆಸಿ ತಿಂದವಳೂ ಅವಳೇ.